6 ವರ್ಷದ ಡ್ರೈಯರ್, 12 ನಿಮಿಷದ ಓಟ

ನಮ್ಮ ಮನೆಯ ಬಟ್ಟೆ ಡ್ರೈಯರ್‌ಗೆ ಈಗ 6 ವರ್ಷ. 7 ಕೆಜಿಯದು, ಕರೆಂಟಿನದು, ಒದ್ದೆ ಗಾಳಿಯನ್ನು ಹಿಂದಿನ ಪೈಪಿನಿಂದ ಮನೆಯಾಚೆ ತಳ್ಳುವ ಸಾದಾ ಮಾದರಿ. ಮೊದಲ ಮೂರು ವರ್ಷದ ಬಗ್ಗೆ ಹೇಳುವುದಕ್ಕೇ ಏನೂ ಇಲ್ಲ. ಬಟ್ಟೆ ಹಾಕಿದೆವು, ಒಣಗಿತು, ತೆಗೆದೆವು. ನಾಲ್ಕನೇ ವರ್ಷ ಅದರ ಆಟ ಶುರುವಾಯಿತು.

12 ನಿಮಿಷ ಓಡುತ್ತಿತ್ತು, ಆಮೇಲೆ ಸುಮ್ನೆ ನಿಂತುಬಿಡುತ್ತಿತ್ತು. ಪ್ಯಾನೆಲ್‌ನ ದೀಪ ಉರಿಯುತ್ತಲೇ ಇರುತ್ತಿತ್ತು. ಸ್ಟಾರ್ಟ್ ಒತ್ತಿದರೆ ಪಿಟ್ಟೆನ್ನುತ್ತಿರಲಿಲ್ಲ. ಬೇಜಾರಾಗಿ ಹಾಗೇ ಬಿಟ್ಟು, ಮುಕ್ಕಾಲು ಗಂಟೆಯ ನಂತರ ಬಂದರೆ, ಏನೂ ಆಗೇ ಇಲ್ಲವೇನೋ ಎಂಬಂತೆ ತಿರುಗುತ್ತಿತ್ತು. ಮತ್ತೆ 8 ನಿಮಿಷಕ್ಕೆ ನಿಲ್ಲುತ್ತಿತ್ತು. ಎರಡು ಟವೆಲ್ ಒಣಗಿಸಲು ಒಂದು ಮಧ್ಯಾಹ್ನ ಬೇಕಾಗುತ್ತಿತ್ತು.

ಸರ್ವಿಸ್ ಸೆಂಟರ್‌ನಿಂದ ಬಂದವರು ಹಿಂದಿನ ಕವಚವನ್ನೂ ಬಿಚ್ಚದೆ "ಬೋರ್ಡ್ ಹೋಗಿದೆ ಮೇಡಂ" ಅಂದರು. ಯಂತ್ರವನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡನ್ನೇ ಹೊಸದು ಹಾಕಿಸಿದೆವು. ಎರಡೇ ದಿನಕ್ಕೆ ಮತ್ತೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಮುಂದಿನ ಸಲ ಬಂದಾಗ ಥರ್ಮಲ್ ಫ್ಯೂಸ್, ಅಂದರೆ ಬಿಸಿ ಮಿತಿಮೀರಿದರೆ ಸುಟ್ಟು ಕರೆಂಟ್ ಕಡಿಯುವ ಫ್ಯೂಸ್, ಬದಲಾಯಿಸಬೇಕು ಅಂದರು. ಅಷ್ಟರಲ್ಲಿ ನಾನೂ ಸ್ವಲ್ಪ ಓದಿಕೊಂಡಿದ್ದೆ. ಆ ಫ್ಯೂಸ್ ಒಮ್ಮೆ ಸುಟ್ಟರೆ ಮುಗಿಯಿತು, ಹೊಸದು ಹಾಕುವವರೆಗೆ ಅದಕ್ಕೆ ಜೀವ ಬರುವುದಿಲ್ಲ. "ನಮ್ಮದು ತಣ್ಣಗಾದ ಮೇಲೆ ತಾನೇ ಓಡುತ್ತದಲ್ಲ, ಹಾಗಾದರೆ ಫ್ಯೂಸ್ ಹೋಗಿರುವುದು ಹೇಗೆ?" ಅಂತ ಕೇಳಿದೆ. ಅವರ ಹತ್ತಿರ ಉತ್ತರ ಇರಲಿಲ್ಲ. ನಾನೂ ಇನ್ನೊಮ್ಮೆ ಅವರನ್ನು ಕರೆಯಲಿಲ್ಲ.

ತಣ್ಣಗಾದ ಮೇಲೆ ಓಡುವುದೇ ಇಲ್ಲಿ ದೊಡ್ಡ ಸುಳಿವು. ಡ್ರೈಯರ್ ಮೋಟರ್‌ಗೆ ತನ್ನದೇ ಒಂದು ಕಾವಲು ಸ್ವಿಚ್ ಇರುತ್ತದೆ. ಮೋಟರ್ ಜಾಸ್ತಿ ಬಿಸಿಯಾದರೆ ಅದು ಕರೆಂಟ್ ಕಡಿಯುತ್ತದೆ, ತಣಿದರೆ ಮತ್ತೆ ಕೂಡಿಸುತ್ತದೆ. ಅಂದರೆ ನಮ್ಮ ಮೋಟರ್ ಕೆಟ್ಟಿರಲಿಲ್ಲ, ಬಿಸಿ ತಾಳಲಾರದೆ ಕೂತುಬಿಡುತ್ತಿತ್ತು. ಬಿಸಿ ಯಾಕೆ ಅನ್ನುವುದನ್ನು ಹುಡುಕಬೇಕಿತ್ತು, ಅಷ್ಟೇ.

ಪ್ಲಗ್ ಕಿತ್ತು, ಡ್ರೈಯರನ್ನು ಮುಂದಕ್ಕೆ ಎಳೆದೆವು. ಹಿಂದಿನ ಪೈಪ್ ಗೋಡೆಗೆ ಒತ್ತಿ ಚಪ್ಪಟೆಯಾಗಿತ್ತು. ಅದು ಬೆಳ್ಳಿ ಹಾಳೆಯಂಥ ತೆಳು ಪೈಪ್, ಒಳಗೆಲ್ಲ ಮಡಿಕೆ, ಮಡಿಕೆಯ ತುಂಬ ಬಟ್ಟೆಯಿಂದ ಉದುರಿದ ನೂಲಿನ ಜೂಲು. ಪ್ರತಿ ಸಲವೂ ಜೂಲು ಹಿಡಿಯುವ ಫಿಲ್ಟರ್ ತೆಗೆದು ಒರೆಸುತ್ತಿದ್ದವಳು ನಾನು. ಆದರೂ ಒಂದು ಬಕೆಟ್ ತುಂಬುವಷ್ಟು ಜೂಲು ಬಂತು! ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ ಎಂದು ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಮನೆಯಾಚೆಯ ತುದಿಯಲ್ಲಿ ಗಾಳಿಗೆ ತೆರೆಯಬೇಕಾದ ಮುಚ್ಚಳವೂ ಜೂಲಿಗೆ ಅಂಟಿಕೊಂಡಿತ್ತು. ಆ ಪೈಪ್ ಬಿಸಾಕಿ, ಒಳಗೆ ನುಣುಪಾಗಿರುವ ಗಟ್ಟಿ ಲೋಹದ ಪೈಪ್ ಹಾಕಿಸಿದೆವು. ಸುಮಾರು ಎರಡು ಗಂಟೆ ಹಿಡಿಯುತ್ತಿದ್ದ ಬಟ್ಟೆ 50 ನಿಮಿಷಕ್ಕೆ ಒಣಗಿತು.

ದೋಷ ಪೈಪಿನದೋ ಯಂತ್ರದ್ದೋ ತಿಳಿಯಲು ಪೈಪ್ ಕಳಚಿಟ್ಟು ಸ್ವಲ್ಪ ಹೊತ್ತು ಓಡಿಸಿ ನೋಡಬಹುದು, ನಾವೂ ನೋಡಿದ್ದೆವು. ಆದರೆ ಗ್ಯಾಸ್ ಡ್ರೈಯರ್ ಇದ್ದವರು ಇದನ್ನು ಮಾಡಲೇಬೇಡಿ. ಅದರ ಹೊಗೆ ಮನೆಯೊಳಗೇ ತುಂಬುತ್ತದೆ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು.

ಕಥೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇಲ್ಲ. ಹೊದಿಕೆ, ಜೀನ್ಸ್‌ನಂಥ ಭಾರದ ಬಟ್ಟೆ ಹಾಕಿದ ದಿನ ಮತ್ತೆ ನಿಲ್ಲುತ್ತಿತ್ತು. ಖಾಲಿ ಡ್ರಮ್ಮನ್ನು ಕೈಯಿಂದ ತಿರುಗಿಸಿ ನೋಡಿದೆ. ಹಗುರವಾಗಿ ಜಾರಬೇಕಾದದ್ದು ಬಿಗಿಯಾಗಿ ಕೀರಲು ದನಿ ಮಾಡುತ್ತಿತ್ತು. ಈ ಸಲ ಪರಿಚಯದ ಬೇರೊಬ್ಬ ಮೆಕ್ಯಾನಿಕ್ ಬಂದು ಪೂರ್ತಿ ಬಿಚ್ಚಿದರು. ಮೋಟರ್ ಸುತ್ತ ಜೂಲು ಕಂಬಳಿ ಹೊದಿಸಿದ ಹಾಗೆ ಕೂತಿತ್ತು. ಡ್ರಮ್ಮನ್ನು ಹೊತ್ತ ಹಿಂದಿನ ಎರಡು ರೋಲರ್ ಸವೆದು ಸಿಕ್ಕಿಕೊಂಡಿದ್ದವು. ಮೋಟರ್ ಪಾಪ, ಕಂಬಳಿ ಹೊದ್ದು ಗುಡ್ಡ ಹತ್ತುತ್ತಿತ್ತು. ರೋಲರ್, ಬೆಲ್ಟ್, ಬೆಲ್ಟ್ ಬಿಗಿ ಹಿಡಿಯುವ ಪುಲ್ಲಿ, ಮೂರನ್ನೂ ಒಟ್ಟಿಗೆ ಬದಲಾಯಿಸಿದರು. ಅದಾಗಿ ಒಂದೂವರೆ ವರ್ಷ ಆಯಿತು, ಒಮ್ಮೆಯೂ ನಡುವೆ ನಿಂತಿಲ್ಲ.

ಅವರು ಹೇಳಿದ ಮಾತೊಂದು ಉಪಯೋಗಕ್ಕೆ ಬರುತ್ತದೆ. ಯಂತ್ರ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಗಮನಿಸಿ ಅಂದರು. ಬಟ್ಟೆ ಬಾಗಿಲಿಗೆ ಬಡಿದಾಗ ನಿಂತರೆ ಬಾಗಿಲ ಕೊಂಡಿ ಇಲ್ಲವೇ ಡೋರ್ ಸ್ವಿಚ್ ನೋಡಿ. ಸ್ಟಾರ್ಟ್ ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಓಡಿ, ಬೆರಳು ತೆಗೆದ ಕೂಡಲೇ ನಿಂತರೆ ಮೋಟರ್ ಓಡುತ್ತಲೇ ಇರುವಂತೆ ಹಿಡಿದಿಡುವ ಅದರೊಳಗಿನ ಇನ್ನೊಂದು ಸ್ವಿಚ್ ಮೇಲೆ ಅನುಮಾನ. ಮುಗಿಯಿತು ಅಂತ ಗಂಟೆ ಹೊಡೆದು, ಬಟ್ಟೆ ಮಾತ್ರ ಒದ್ದೆ ಇದ್ದರೆ ಅದು ಬಟ್ಟೆಯ ತೇವ ಅಳೆಯುವ ಸೆನ್ಸರ್ ಕೆಲಸ. ಇದು ನನಗೂ ಒಮ್ಮೆ ಆಗಿತ್ತು. ಆ ಸೆನ್ಸರೇ ಆದ, ಡ್ರಮ್ ಒಳಗಿನ ಎರಡು ಲೋಹದ ಪಟ್ಟಿಗಳ ಮೇಲೆ, ಬಟ್ಟೆ ಮೆದುವಾಗಲೆಂದು ಹಾಕುವ ಡ್ರೈಯರ್ ಶೀಟಿನ ಜಿಡ್ಡು ಕೂತಿತ್ತು. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ, ಸರಿಹೋಯಿತು. ತಂಗಿಯದು ಹೀಟ್ ಪಂಪ್ ಡ್ರೈಯರ್, ಅದಕ್ಕೆ ಹೊರಗಿನ ಪೈಪೇ ಇಲ್ಲ, ಒದ್ದೆ ಗಾಳಿಯ ತೇವವನ್ನು ನೀರಾಗಿಸಿ ತನ್ನ ಟ್ಯಾಂಕಿಗೇ ತುಂಬುತ್ತದೆ. ಅದು ನಿಂತಾಗಲೆಲ್ಲ ಅವಳು ಮೊದಲು ನೋಡುವುದು ನೀರಿನ ಟ್ಯಾಂಕ್ ತುಂಬಿದೆಯಾ ಅಂತ.

ಡ್ರಮ್, ಹೀಟರ್, ಮೋಟರ್ ಎಲ್ಲ ಗಟ್ಟಿ ಮಾಲು. ಸದ್ದೂ ಕಡಿಮೆ. ನನ್ನ ತಕರಾರು ವಿನ್ಯಾಸದ ಮೇಲೆ. ಫಿಲ್ಟರ್‌ನ ಅಂಚಿನ ರಬ್ಬರ್ ಸರಿಯಾಗಿ ಕೂರುವುದಿಲ್ಲ, ಜೂಲು ಅಲ್ಲಿಂದಲೇ ನುಸುಳುವುದು. ಮೋಟರ್ ಹತ್ತಿರ ಕೈ ಹೋಗಬೇಕಾದರೆ 14 ಸ್ಕ್ರೂ ಬಿಚ್ಚಬೇಕು. ಕೈಪಿಡಿಯಲ್ಲಿ "ಯಂತ್ರ ನಿಂತರೆ ಸರ್ವಿಸ್ ಸೆಂಟರ್ ಸಂಪರ್ಕಿಸಿ" ಅಂತ ಒಂದೇ ಸಾಲು. ಐದಕ್ಕೆ ಮೂರು ಸ್ಟಾರ್. ಫಿಲ್ಟರ್ ಸರಿಯಾಗಿ ಕೂರುವಂತಿದ್ದರೆ ನಾಲ್ಕು ಕೊಡುತ್ತಿದ್ದೆ. ಸರ್ವಿಸ್‌ಗೆ ಒಂದೂ ಇಲ್ಲ.