ಆರು ವರ್ಷ ಓಡಿಸಿದ ಹದಿನಾಲ್ಕು ಅಡಿಯ ಅಲ್ಯೂಮಿನಿಯಂ ದೋಣಿ

ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ದಂಡೆಯ ತುಮರಿ ಸೀಮೆಯಲ್ಲಿದೆ. ತೋಟದ ಅರ್ಧ ಮಾತ್ರ ಹಿನ್ನೀರಿನ ಒಂದು ಸೆರಗಿನ ಆಚೆ ದಂಡೆಯಲ್ಲಿ. ಮಳೆಗಾಲ ಚೆನ್ನಾಗಿ ಆಗಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ಪೂರ್ಣ ಮಟ್ಟವಾದ 1819 ಅಡಿ ಮುಟ್ಟಿದ ವರ್ಷ ನೀರು ನಮ್ಮ ಗದ್ದೆಯ ಅಂಚಿಗೇ ಬಂದು ನಿಲ್ಲುತ್ತದೆ. ಮೇ ತಿಂಗಳಲ್ಲಿ ಅದೇ ನೀರಿಗೆ ಕೈ ತಾಗಿಸಬೇಕೆಂದರೆ ಬಿರುಕು ಬಿಟ್ಟ ಕೆಸರಿನ ಮೇಲೆ ಇಳಿಜಾರಿನಲ್ಲಿ ಅರ್ಧ ಕಿಲೋಮೀಟರ್ ನಡೆಯಬೇಕು. ನಮ್ಮಲ್ಲಿ ದಂಡೆ ಒಂದು ಜಾಗದಲ್ಲಿ ನಿಲ್ಲುವುದಿಲ್ಲ, ವಾರಕ್ಕೊಮ್ಮೆ ಜಾಗ ಬದಲಿಸುತ್ತದೆ. ಹಿನ್ನೀರಿನಲ್ಲಿ ದೋಣಿ ಇಡುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ನೀರು ಸರಿದ ಕಡೆ ದೋಣಿಯನ್ನೂ ಸರಿಸಲು ಆಗುತ್ತದೆಯೇ? ಇಂಜಿನ್, ವೇಗ, ಅಂದಚೆಂದ ಎಲ್ಲ ಆಮೇಲಿನ ಮಾತು.

ಅಪ್ಪಯ್ಯನ ಮರದ ದೋಣಿಯನ್ನು ಹಾಗೆ ಸರಿಸಲು ಎಂಟು ಜನ ಬೇಕಿತ್ತು. ನೀರು ಕುಡಿದ ಹಲಗೆಯ ತೂಕ ಎತ್ತಿದವರಿಗೇ ಗೊತ್ತು. ಬೇಸಿಗೆಯಲ್ಲಿ ಮೇಲೆ ಎಳೆದಿಟ್ಟರೆ ಹಲಗೆ ಒಣಗಿ ಸಂದು ಬಿಡುತ್ತಿತ್ತು, ನೀರಲ್ಲೇ ಬಿಟ್ಟರೆ ಕೊಳೆಯುತ್ತಿತ್ತು. ವರ್ಷಕ್ಕೊಮ್ಮೆ ಗೇರೆಣ್ಣೆ ಬಳಿಯುವ ಕೆಲಸವಂತೂ ತಪ್ಪುತ್ತಿರಲಿಲ್ಲ. ಆ ದೋಣಿಯ ಬಗ್ಗೆ ನನಗೆ ಪ್ರೀತಿ ಇದೆ, ಈಜು ಕಲಿತದ್ದೇ ಅದರ ಅಂಚು ಹಿಡಿದು. ಆದರೆ ಈಗ ಊರಲ್ಲಿ ಕರೆದ ಕೂಡಲೆ ಬರುವ ಎಂಟು ಜನ ಇಲ್ಲ. ಹುಡುಗರೆಲ್ಲ ಬೆಂಗಳೂರಿನಲ್ಲಿದ್ದಾರೆ.

2019ರ ನವೆಂಬರ್‌ನಲ್ಲಿ ಕರಾವಳಿಯ ಒಂದು ದೋಣಿ ಕಟ್ಟುವ ಯಾರ್ಡ್‌ನಲ್ಲಿ ಅಳತೆ ಕೊಟ್ಟು ಈ ದೋಣಿ ಮಾಡಿಸಿದೆ. ಹದಿನಾಲ್ಕು ಅಡಿ ಉದ್ದ, ತಳದಲ್ಲಿ ನಾಲ್ಕಡಿ ಅಗಲ, ಚಪ್ಪಟೆ ತಳ, ಮೂತಿ ಸ್ವಲ್ಪ ಮೇಲೆತ್ತಿದ್ದು. ತಳಕ್ಕೆ 3 ಮಿ.ಮೀ., ಪಕ್ಕಗಳಿಗೆ 2 ಮಿ.ಮೀ. ತಗಡು. 5052 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ಪೂರ್ತಿ ವೆಲ್ಡ್ ಮಾಡಿದ್ದು. ರಿವೆಟ್ ಹೊಡೆದದ್ದು ಬೇಡ ಎಂದು ಮೊದಲೇ ಹೇಳಿದ್ದೆ. ಹೊಡೆತ ಬಿದ್ದಂತೆಲ್ಲ ರಿವೆಟ್ ಸಡಿಲಾಗಿ ಒಂದೊಂದೇ ಹನಿ ಒಳಗೆ ಬಿಡಲು ಶುರು ಮಾಡುತ್ತದೆ, ಜೊತೆಗೆ ಮೀನಿನ ಬಲೆ ಅದರ ತಲೆಗೆಲ್ಲ ಸಿಕ್ಕಿಕೊಳ್ಳುತ್ತದೆ. ನನಗೆ ಸಿಕ್ಕ ದರದಲ್ಲಿ ಇದೇ ಅಳತೆಯ ಫೈಬರ್ ದೋಣಿಗಿಂತ ಸುಮಾರು ಒಂದೂವರೆ ಪಟ್ಟು ಬಿತ್ತು. ಆಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗಿತ್ತು, ಈಗ ಆ ಬೇಸರ ಇಲ್ಲ.

ಬರೀ ದೋಣಿಯ ತೂಕ ಸುಮಾರು 110 ಕೆ.ಜಿ. ಒಂದು ಚದರ ಮೀಟರ್ ಅಲ್ಯೂಮಿನಿಯಂ ತಗಡು 3 ಮಿ.ಮೀ. ದಪ್ಪಕ್ಕೆ ಎಂಟು ಕಿಲೋ ತೂಗಿದರೆ, ಅಷ್ಟೇ ದಪ್ಪದ ಕಬ್ಬಿಣದ್ದು ಇಪ್ಪತ್ತಮೂರು ದಾಟುತ್ತದೆ. ಇಂಜಿನ್ ಕಳಚಿಟ್ಟರೆ ನಾನು, ಹೆಂಡತಿ, ಕೆಲಸದ ಇಬ್ಬರು ಸೇರಿ ಎಳೆಯುತ್ತೇವೆ. ದೋಣಿಯ ಕೆಳಗೆ ಅಡಿಕೆ ಮರ ಸೀಳಿದ ನಾಲ್ಕು ದಬ್ಬೆ ಅಡ್ಡ ಹಾಕಿ, ಹಿಂದಿನದನ್ನು ತೆಗೆದು ಮುಂದಕ್ಕೆ ಹಾಕುತ್ತ ಹೋದರೆ ಕೆಸರಿನ ಮೇಲೂ ಜಾರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಇದೇ ಕೆಲಸ. ಆರು ವರ್ಷದಲ್ಲಿ ದೋಣಿ ಒಂದು ದಿನವೂ ನೀರಿಲ್ಲದ ಜಾಗದಲ್ಲಿ ಕೂತಿಲ್ಲ.

ಹೊರೆಯ ಲೆಕ್ಕ ಹೇಳುತ್ತೇನೆ, ಕೊಳ್ಳುವವರು ಇದನ್ನು ತಮ್ಮ ಅಳತೆಗೆ ಹಾಕಿ ನೋಡಬಹುದು. ನೀರು ಮುಟ್ಟುವ ತಳ ನಾಲ್ಕು ಚದರ ಮೀಟರ್‌ಗೆ ತುಸು ಹೆಚ್ಚು. ಹಾಗಾದರೆ ದೋಣಿ ಒಂದು ಸೆಂಟಿಮೀಟರ್ ತಗ್ಗಲು 40 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಭಾರ ಬೇಕು. ದೋಣಿ, ಇಂಜಿನ್, ಪೆಟ್ರೋಲ್, ಇಬ್ಬರು ಆಳು ಸೇರಿ ಏಳು ಸೆಂಟಿಮೀಟರ್. ಅದರ ಮೇಲೆ 50 ಕಿಲೋದ ಆರು ಚೀಲ ಗೊಬ್ಬರ ಹೇರಿದರೆ ಇನ್ನೊಂದು ಏಳು. ಅಂದರೆ ಗೇಣುದ್ದವೂ ಆಗದ ನೀರಿನಲ್ಲಿ ತೋಟದ ಬದಿಗೇ ಹೋಗಿ ನಿಲ್ಲಿಸಬಹುದು. ಚೂಪು ತಳದ ದೋಣಿಗೆ ಇದು ಆಗುವುದಿಲ್ಲ, ಅದು ದೂರದಲ್ಲೇ ನಿಲ್ಲುತ್ತದೆ, ಚೀಲ ಹೊತ್ತು ಕೆಸರಲ್ಲಿ ನಡೆಯುವವರು ನಾವು.

ಇನ್ನು ಮೋಟುಗಳ ವಿಷಯ. 1964ರಲ್ಲಿ ಅಣೆಕಟ್ಟು ಮುಗಿದು ಕಣಿವೆ ತುಂಬಿದಾಗ ನಿಂತಿದ್ದ ಕಾಡು ನೀರೊಳಗೆ ಹೋಯಿತು. ಆ ಮರಗಳ ಮೋಟು ಈಗಲೂ ಕಲ್ಲಿನಂತೆ ನಿಂತಿವೆ. ಮಟ್ಟ ಇಳಿದಂತೆ ಮೇಲೆ ಕಾಣಿಸಿಕೊಂಡವು ಕಾಟ ಕೊಡುವುದಿಲ್ಲ. ನೀರಿನಿಂದ ನಾಲ್ಕು ಬೆರಳು ಕೆಳಗಿರುವವೇ ಯಮ. 2021ರ ಏಪ್ರಿಲ್‌ನಲ್ಲಿ ಸಂಜೆಗತ್ತಲಲ್ಲಿ ಅಂಥ ಒಂದಕ್ಕೆ ಜೋರಾಗಿ ಹೊಡೆದೆ. ದೋಣಿ ನಿಂತೇ ಹೋಯಿತು, ನಾನು ಮುಂದಿನ ಸೀಟಿಗೆ ಬಂದು ಬಿದ್ದೆ. ಫೈಬರ್ ಆಗಿದ್ದರೆ ಒಡೆದು ತೂತಾಗುತ್ತಿತ್ತು, ಮರದ್ದಾಗಿದ್ದರೆ ಹಲಗೆ ಸೀಳುತ್ತಿತ್ತು. ಇದರ ತಳ ಊಟದ ಬಟ್ಟಲಿನಷ್ಟು ಆಳ ನೆಗ್ಗಿತ್ತು, ಒಂದು ಹನಿ ನೀರೂ ಒಳಗೆ ಬಂದಿರಲಿಲ್ಲ. ಆ ನೆಗ್ಗು ಇವತ್ತಿಗೂ ಹಾಗೇ ಇದೆ. ಸುತ್ತಿಗೆ ಹಿಡಿದು ಸರಿ ಮಾಡಲು ಹೋಗಬೇಡಿ, ಹಿಂದೆ ಮುಂದೆ ಬಡಿದಷ್ಟೂ ಈ ಲೋಹ ಗಡುಸಾಗಿ ಬಿರುಕು ಬಿಡುತ್ತದೆ.

ಬಿರುಕು ಬಂದದ್ದು ಬೇರೆ ಕಡೆ, ಇಂಜಿನ್ ಕೂರಿಸುವ ಹಿಂಬದಿಯ ಮೂಲೆಯಲ್ಲಿ, ಮೂರನೇ ವರ್ಷ. ಹತ್ತಿರದ ಒಂದು ವರ್ಕ್‌ಶಾಪಿನಲ್ಲಿ ಗೇಟು, ಟ್ರೈಲರ್ ವೆಲ್ಡ್ ಮಾಡುವವರು ‘ಇದೇನು ಮಹಾ’ ಎಂದು ಹಾಕಿಕೊಟ್ಟರು. ತಿಂಗಳೊಳಗೆ ಪಕ್ಕದಲ್ಲೇ ಮತ್ತೆ ಬಿಟ್ಟಿತು. ಆಮೇಲೆ ಶಿವಮೊಗ್ಗದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಪಿಕಪ್‌ನಲ್ಲಿ ಹೇರಿಕೊಂಡು ಹೋದೆ. ಅಲ್ಲಿನ ವೆಲ್ಡರ್ ಹುಡುಗ ಮೊದಲು ಮಾಡಿದ ಕೆಲಸ ಎಂದರೆ ಸ್ಟೀಲ್ ಬ್ರಷ್ ಹಿಡಿದು ಅರ್ಧ ಗಂಟೆ ತಿಕ್ಕಿದ್ದು. ‘ಸಾರ್, ಮೇಲಿನ ಆಕ್ಸೈಡ್ ಪದರ ಕರಗೋಕೆ ಎರಡು ಸಾವಿರ ಡಿಗ್ರಿ ದಾಟಬೇಕು, ಒಳಗಿನ ಲೋಹ 660 ಮುಟ್ಟೋ ಮೊದಲೇ ಕರಗುತ್ತೆ. ಕಬ್ಬಿಣದ ಹಾಗೆ ಕೆಂಪಾಗಿ ಮುನ್ಸೂಚನೆನೂ ಕೊಡಲ್ಲ, ನೋಡ್ತಾ ಇದ್ದ ಹಾಗೇ ಕುಸಿದು ಬೀಳುತ್ತೆ’ ಎಂದ. ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ಟಿಗ್ ವೆಲ್ಡಿಂಗ್, ಬೆಸುಗೆಗೆ ತುಂಬಲು 5356 ಎಂಬ ಫಿಲ್ಲರ್ ತಂತಿ. ಒಳಗಡೆ ಮೂಲೆಗೊಂದು ಆಸರೆ ಪಟ್ಟಿಯನ್ನೂ ಕೂರಿಸಿದ. ಅದು ಇಂದಿಗೂ ಅಲುಗಿಲ್ಲ. ಕೊಳ್ಳುವ ಮೊದಲೇ ನಿಮ್ಮ ಸುತ್ತ ಟಿಗ್ ಮಾಡುವವರು ಎಲ್ಲಿದ್ದಾರೆ ಎಂದು ವಿಚಾರಿಸಿಕೊಳ್ಳಿ.

ಮುಂದಿನದನ್ನು ಅಡಿಕೆ ಬೆಳೆಯುವವರು ದಯವಿಟ್ಟು ಗಮನವಿಟ್ಟು ಓದಬೇಕು.

2022ರ ಜೂನ್ ಮೊದಲ ವಾರ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ಆಚೆ ತೋಟಕ್ಕೆಂದು ಮೈಲುತುತ್ತದ (ತಾಮ್ರದ ಸಲ್ಫೇಟ್) ಚೀಲ, ಸುಣ್ಣ ಎರಡನ್ನೂ ದೋಣಿಗೆ ಹೇರಿದ್ದೆವು. ಮಳೆ ಹಿಡಿಯಿತು, ಅರ್ಧ ಸಾಮಾನು ಎರಡು ದಿನ ದೋಣಿಯಲ್ಲೇ ಉಳಿಯಿತು. ಮೈಲುತುತ್ತದ ಚೀಲದ ಮೂಲೆ ಹರಿದಿತ್ತು. ತಳದಲ್ಲಿ ನಿಂತ ನೀರು ನೀಲಿಯಾಗಿದ್ದನ್ನು ನೋಡಿಯೂ, ನೀರೇ ತಾನೇ, ಎತ್ತಿ ಚೆಲ್ಲಿದರಾಯಿತು ಎಂದುಕೊಂಡೆ. ಚೆಲ್ಲಿ ನೋಡಿದರೆ ತಳದಲ್ಲಿ ಕೆಂಪು ಮಸಿಯಂಥ ಪುಡಿ ಅಂಟಿದೆ. ಉಜ್ಜಿದರೆ ಅದರಡಿ ಸಾಸಿವೆ ಕಾಳಿನಷ್ಟು ಗುಳಿಗಳು, ಒಂದಲ್ಲ ಎರಡಲ್ಲ, ಅಂಗೈ ಅಗಲದಲ್ಲಿ ಹತ್ತಾರು.

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಾವು ಕತ್ತಿಯ ಬಾಯಿ ಅದ್ದುತ್ತೇವಲ್ಲ, ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ಬಣ್ಣ ಕೂರುತ್ತದಲ್ಲ, ಅದು ತಾಮ್ರ. ಕಬ್ಬಿಣ ಕರಗಿ ಆ ಜಾಗದಲ್ಲಿ ತಾಮ್ರ ಬಂದು ಕೂರುತ್ತದೆ. ನನ್ನ ದೋಣಿಯಲ್ಲಿ ಆದದ್ದೂ ಅದೇ, ಕಬ್ಬಿಣದ ಬದಲು ಅಲ್ಯೂಮಿನಿಯಂ. ಮಾಮೂಲಿನಲ್ಲಿ ಈ ಲೋಹವನ್ನು ಅದರ ಮೈಮೇಲಿನ ತೆಳು ಆಕ್ಸೈಡ್ ಪದರ ಕಾಯುತ್ತದೆ. ಆದರೆ ಹಿಂದಿನ ವಾರವಷ್ಟೇ ಪೊಟ್ಯಾಷ್ ಗೊಬ್ಬರ ಸಾಗಿಸಿದ್ದೆವು, ಅದರ ಹರಳು ಸಂದಿಯಲ್ಲಿ ಉಳಿದಿತ್ತು. ಅದರಲ್ಲಿರುವ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ಒದ್ದೆ ಸುಣ್ಣದ ಕ್ಷಾರವೂ ಅದನ್ನು ತಿನ್ನುತ್ತದೆ. ಒಮ್ಮೆ ಕೂತ ತಾಮ್ರದ ಕಣ ಅಲ್ಲಿಗೇ ಬಿಡುವುದೂ ಇಲ್ಲ, ತೇವ ಇರುವಷ್ಟು ದಿನ ಸುತ್ತಲಿನ ಅಲ್ಯೂಮಿನಿಯಂ ಕರಗುತ್ತಲೇ ಇರುತ್ತದೆ. ಮೂವತ್ತು ವರ್ಷದಿಂದ ಕತ್ತಿ ಅದ್ದುತ್ತಿರುವ ನನಗೆ ಇದು ಹೊಳೆಯಬೇಕಿತ್ತು. ಒಂದು ಗುಳಿ ಅರ್ಧ ದಪ್ಪಕ್ಕೆ ಇಳಿದಿತ್ತು. ಮತ್ತೆ ಮಾಚೇನಹಳ್ಳಿ, ಹೊರಗಿನಿಂದ ಅದೇ ಮಿಶ್ರಲೋಹದ ತೇಪೆ.

ಈಗ ಮೈಲುತುತ್ತ, ಸುಣ್ಣ, ಗೊಬ್ಬರ, ಸಿಮೆಂಟು ಯಾವುದೇ ಇರಲಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ದೋಣಿ ಹತ್ತುತ್ತದೆ. ಇಳಿಸಿದ ಕೂಡಲೆ ನಾಲ್ಕು ಕೊಡ ನೀರು ಹುಯ್ದು ತೊಳೆಯುತ್ತೇವೆ. ಪಂಪ್‌ಸೆಟ್ ರಿಪೇರಿ ಮಾಡಿದ ಮೇಲೆ ತಾಮ್ರದ ತಂತಿಯ ತುಂಡು ಬಿದ್ದಿದೆಯೇ ಎಂದು ಕೈಯಾಡಿಸಿ ನೋಡುತ್ತೇನೆ. ಬೇರೆ ಲೋಹ ನೇರ ತಾಗಬಾರದೆಂದು ಸ್ಟೇನ್‌ಲೆಸ್ ಬೋಲ್ಟ್ ಹಾಕಿದ ಕಡೆಯೆಲ್ಲ ನೈಲಾನ್ ವಾಷರ್ ಇದೆ. ಹಿಂಬದಿಗೆ ಮೆಗ್ನೀಸಿಯಂ ಆನೋಡ್ ಒಂದು, ದೋಣಿಯ ಬದಲು ತಾನು ಸವೆಯಲಿ ಎಂದು. ಸಮುದ್ರದಲ್ಲಿ ಸತುವಿನದು ಹಾಕುತ್ತಾರೆ, ಸಿಹಿನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ.

ರಬ್ಬರ್ ಮ್ಯಾಟ್ ಹಾಸುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಸದ್ದು ತಗ್ಗುತ್ತದೆ, ಏಪ್ರಿಲ್ ಬಿಸಿಲಲ್ಲಿ ಕಾಲು ಸುಡುವುದೂ ತಪ್ಪುತ್ತದೆ. ಆದರೆ ಅದರಡಿ ತೇವ ಗಾಳಿಯಿಲ್ಲದೆ ಕೂತು ಬಿಳಿ ಹಿಟ್ಟಿನಂಥ ತುಕ್ಕು ಏಳುತ್ತದೆ. ಈಗ ಅಡಿಕೆ ದಬ್ಬೆಯನ್ನೇ ಜೋಡಿಸಿ, ನೈಲಾನ್ ಹಗ್ಗದಲ್ಲಿ ಹೆಣೆದು, ಚಾಪೆಯಂತೆ ಸುತ್ತಿ ಎತ್ತುವ ಹಾಸು ಮಾಡಿಕೊಂಡಿದ್ದೇನೆ. ದಬ್ಬೆಗಳ ನಡುವೆ ಗಾಳಿ ಆಡುತ್ತದೆ, ಖರ್ಚು ಹಗ್ಗದ್ದು ಮಾತ್ರ. ಸೀಟಿಗೆ ಮಡಚಿದ ಕಂಬಳಿ.

ಸದ್ದು ಇದರ ನಿಜವಾದ ದೋಷ. ಚಪ್ಪಟೆ ತಳಕ್ಕೆ ಅಲೆ ಬಡಿದರೆ ಡಬ್ಬ ಬಾರಿಸಿದ ಹಾಗೆ. ಮೀನು ಹಿಡಿಯುವ ನನ್ನ ನೆರೆಯವರು ಇದನ್ನು ಬಲೆ ಎಳೆಯಲು ಒಯ್ಯುತ್ತಾರೆ, ಗಾಳಕ್ಕೆ ಮಾತ್ರ ತಮ್ಮ ತೆಪ್ಪವೇ ಬೇಕೆನ್ನುತ್ತಾರೆ. ಇನ್ನೊಂದು ದೋಷ ಗಾಳಿ. ಹಗುರ ಎಂಬ ಅದೇ ಗುಣ ಆಷಾಢದಲ್ಲಿ ತಿರುಗಿ ಬೀಳುತ್ತದೆ. ಪಡುವಣ ಗಾಳಿ ಎದ್ದಾಗ ಖಾಲಿ ದೋಣಿಯ ಮೂತಿ ಎತ್ತಿ ಪಕ್ಕಕ್ಕೆ ತಳ್ಳುತ್ತದೆ. ಮುಂದಿನ ಸೀಟಿನ ಕೆಳಗೆ ನೀರು ತುಂಬಿದ ಎರಡು ಕ್ಯಾನ್ ಇಟ್ಟುಕೊಳ್ಳುತ್ತೇನೆ, ಆಗ ಮಾತು ಕೇಳುತ್ತದೆ. ಹಿನ್ನೀರಿನ ಅಗಲವಾದ ನಡುಭಾಗಕ್ಕೆ ಜೂನ್‌ನಿಂದ ಆಗಸ್ಟ್‌ವರೆಗೆ ಹೋಗುವುದೇ ಇಲ್ಲ.

ಮಳೆಯ ಲೆಕ್ಕವೂ ತಿಳಿದಿರಲಿ. ಒಂದು ಮಿ.ಮೀ. ಮಳೆ ಎಂದರೆ ಚದರ ಮೀಟರ್‌ಗೆ ಒಂದು ಲೀಟರ್. ಆರು ಚದರ ಮೀಟರ್ ಬಾಯಿ ತೆರೆದ ದೋಣಿಯ ಮೇಲೆ ರಾತ್ರಿ 150 ಮಿ.ಮೀ. ಸುರಿದರೆ ಬೆಳಿಗ್ಗೆ ಒಳಗೆ 900 ಲೀಟರ್. ನಮ್ಮ ಕಡೆ ಇದು ಅಪರೂಪದ ರಾತ್ರಿ ಅಲ್ಲ. ಆದ್ದರಿಂದ ದಂಡೆಗೆಳೆದು, ತಳದ ಬಿರಟೆ ಬಿಚ್ಚಿ, ಮೂತಿ ಎತ್ತರಿಸಿ ಇಡಬೇಕು. ಇಳಿಸುವಾಗ ಬಿರಟೆ ಹಾಕಿದ್ದನ್ನು ಕೈಯಿಂದ ಮುಟ್ಟಿ ನೋಡಬೇಕು. ಅಲ್ಯೂಮಿನಿಯಂ ತಾನಾಗಿ ತೇಲುವ ವಸ್ತುವಲ್ಲ, ನೀರು ತುಂಬಿದರೆ ಮುಳುಗುತ್ತದೆ. ಸೀಟಿನೊಳಗೆ ತೇಲಿಸುವ ಫೋಮ್ ತುಂಬಿದ್ದಾರೆಯೇ ಎಂಬುದನ್ನು ಮುಚ್ಚುವ ಮೊದಲೇ ಕಣ್ಣಾರೆ ನೋಡಿ. ಲೈಫ್ ಜಾಕೆಟ್ ಇಲ್ಲದೆ ನನ್ನ ದೋಣಿಗೆ ಯಾರೂ ಹತ್ತುವಂತಿಲ್ಲ, ಅಮ್ಮನೂ ಹಾಕಿಕೊಳ್ಳುತ್ತಾರೆ.

ಇಂಜಿನ್ 9.9 ಹೆಚ್.ಪಿ. ಫೋರ್ ಸ್ಟ್ರೋಕ್, ಸುಮಾರು 40 ಕಿಲೋ. ಈ ದೋಣಿಗೆ ಅಷ್ಟು ಸಾಕು. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಅದು ಗಾಳಿಯ ತೇವ ಹೀರುತ್ತದೆ. ಮಳೆಗಾಲದಲ್ಲಿ ನಿಲ್ಲಿಸಿಡುವ ಮುನ್ನ ಕಾರ್ಬುರೇಟರ್ ಖಾಲಿ ಮಾಡದಿದ್ದರೆ ಸೆಪ್ಟೆಂಬರ್‌ನಲ್ಲಿ ಹಗ್ಗ ಎಳೆದೂ ಎಳೆದೂ ಭುಜ ಬೀಳುತ್ತದೆ. ಯಂತ್ರ ಹಾಕಿದ ದೋಣಿಗೆ 2021ರ ಒಳನಾಡು ನೌಕೆ ಕಾಯ್ದೆಯಡಿ ನೋಂದಣಿ ಬೇಕು. ದಂಡೆಯ ಕೆಲವು ಭಾಗ ಅಭಯಾರಣ್ಯಕ್ಕೆ ಸೇರಿದ್ದು, ಅಲ್ಲಿ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು.

ಬರೀ ದುಡಿಮೆಗೇ ಇದನ್ನು ಕೊಂಡೆ ಎಂದರೆ ಸುಳ್ಳಾಗುತ್ತದೆ. ಬಿರುಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. 1948ರಲ್ಲಿ ಜೋಗದ ವಿದ್ಯುತ್ತಿಗೆಂದು ನೀರು ನಿಲ್ಲಿಸಿದ ಕಟ್ಟೆ, ಲಿಂಗನಮಕ್ಕಿ ಬಂದ ಮೇಲೆ ತಾನೇ ಮುಳುಗಿದ್ದು. ಬೆಳಗಿನ ಆರಕ್ಕೆ ಗಾಳಿ ಏಳುವ ಮುನ್ನ ಹೊರಟು, ಹತ್ತಿರ ಬಂದಾಗ ಇಂಜಿನ್ ನಿಲ್ಲಿಸಿ ಹುಟ್ಟು ಹಾಕುತ್ತ ಹೆಚ್ಚಾದ ನೀರು ಹೊರಹೋಗಲು ಕಟ್ಟೆಯಲ್ಲಿ ಮಾಡಿದ್ದ ಸೈಫನ್‌ಗಳ ದೊಡ್ಡ ಬಾಯಿಗಳ ಎದುರು ಹೋಗುತ್ತೇವೆ. ಅಪ್ಪಯ್ಯನಿಗೆ ಎಂಬತ್ತೆರಡು. ಮೊದಲ ಸಲ ಕರೆದೊಯ್ದಾಗ ಕಟ್ಟೆಯನ್ನು ನೋಡಲೇ ಇಲ್ಲ, ಅದರ ಬಲಕ್ಕೆ ಕೈ ತೋರಿಸಿ ‘ನಮ್ಮ ಹಳೇ ಮನೆ ದಾರಿ ಅಲ್ಲಿಂದ ಇಳೀತಿತ್ತು ಮಾರಾಯ’ ಎಂದರು. ಮುಂದೆ ಅವರು ಹೇಳಿದ ಕಡೆಗೆಲ್ಲ ಹುಟ್ಟು ಹಾಕಿದೆ. ಮೊಣಕಾಲು ನೀರು, ಸುತ್ತ ಮೋಟು. ಬೇರೆ ದೋಣಿಯಲ್ಲಿ ಅಲ್ಲಿಗೆ ಹೋಗುವ ಧೈರ್ಯ ನನಗಿರುತ್ತಿರಲಿಲ್ಲ.

2025ರ ಜುಲೈನಲ್ಲಿ ಹಿನ್ನೀರಿನ ಮೇಲಿನ ಸಿಗಂದೂರು ಸೇತುವೆ ತೆರೆದ ಮೇಲೆ ‘ಇನ್ನು ದೋಣಿ ಯಾಕೆ, ಮಾರಿಬಿಡು’ ಎಂದು ಭಾವ ಹೇಳಿದರು. ಸಂಜೆ ಜನರನ್ನು ದಾಟಿಸುವ ಲಾಂಚು ನಿಂತ ಮೇಲೆ ಜ್ವರದ ಮಗುವನ್ನು ದಾಟಿಸಲು ನನ್ನ ಬಾಗಿಲು ತಟ್ಟುತ್ತಿದ್ದ ಕಾಲ ಮುಗಿಯಿತು, ಅದರಷ್ಟು ನೆಮ್ಮದಿ ಬೇರೆ ಇಲ್ಲ. ಆದರೆ ಸೇತುವೆ ಇರುವುದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ, ನನ್ನ ತೋಟಕ್ಕೆ ಹೋಗುವ ಸೆರಗಿನ ಮೇಲಲ್ಲ. ಮಾರುವುದಿಲ್ಲ. ಇನ್ನೊಂದು ಮಾಡಿಸುವ ದಿನ ಬಂದರೆ ತಳಕ್ಕೆ 4 ಮಿ.ಮೀ. ತಗಡು ಕೇಳುತ್ತೇನೆ, ಹದಿಮೂರು ಕಿಲೋ ಹೆಚ್ಚಾದರೂ ಸರಿ. ಮೂತಿಯನ್ನು ಸ್ವಲ್ಪ ಚೂಪು ಮಾಡಿಸುತ್ತೇನೆ. ಇಂಜಿನ್ ಕೂರುವ ಮೂಲೆಗೆ ಆಸರೆ ಪಟ್ಟಿಯನ್ನು ಯಾರ್ಡಿನಲ್ಲೇ ಹಾಕಿಸುತ್ತೇನೆ. ತಳಕ್ಕೆ ಹಾಸಲು ಮಾತ್ರ ಅವರು ಏನೂ ಕೊಡಬೇಕಿಲ್ಲ, ದಬ್ಬೆ ನಮ್ಮ ತೋಟದಲ್ಲೇ ಇದೆ.