ಕಡುಬು ಬಿಡಬೇಕೇ, ಮೊಟ್ಟೆ ಹಿಡಿಯಬೇಕೇ?

ತೂಕ ಇಳಿಸಲು ಹೊರಟ ಶಿವಮೊಗ್ಗದವರ ಮುಂದೆ ಎರಡು ತಟ್ಟೆಗಳಿವೆ: ಒಂದರಲ್ಲಿ ಮೊಟ್ಟೆ, ಕೋಳಿ, ಪನೀರ್, ಇನ್ನೊಂದರಲ್ಲಿ ನಮ್ಮದೇ ಊಟ, ಅಳತೆ ತಗ್ಗಿಸಿದ್ದು.

ಮೊದಲನೆಯದರ ದೊಡ್ಡ ಲಾಭ ಹಸಿವಿನದು. ಬೆಳಿಗ್ಗೆ ನಾಲ್ಕು ಕಡುಬು ತಿಂದರೂ ಹನ್ನೊಂದಕ್ಕೆ ಹೊಟ್ಟೆ ಚುರುಗುಟ್ಟುತ್ತದೆ. ಒಂದೇ ಕಡುಬು, ಜೊತೆಗೆ ಎರಡು ಮೊಟ್ಟೆ, ಅಂದರೆ ಸುಮಾರು 12 ಗ್ರಾಂ ಪ್ರೋಟೀನ್, ತಿಂದ ದಿನ ಮಧ್ಯಾಹ್ನದವರೆಗೆ ಡಬ್ಬಿಯ ಕೋಡುಬಳೆ ನೆನಪಾಗುವುದಿಲ್ಲ. ಪ್ರೋಟೀನ್ ಕೊಡುವ ಶಕ್ತಿಯಲ್ಲಿ ಶೇ 20ರಿಂದ 30ರಷ್ಟು ಅದನ್ನು ಅರಗಿಸುವುದಕ್ಕೇ ಖರ್ಚಾಗುತ್ತದೆ. ತೂಕ ಇಳಿಯುವಾಗ ಸ್ನಾಯು ಸವೆಯುವುದೂ ಕಡಿಮೆ. ಆದರೆ ಸೊಪ್ಪು, ಕಾಳು ಬಿಟ್ಟು ಮಾಂಸಕ್ಕೇ ಅಂಟಿಕೊಂಡರೆ ಮಲಬದ್ಧತೆ ಕಾಡುತ್ತದೆ. ಮೂತ್ರಪಿಂಡದ ತೊಂದರೆ ಇರುವವರಂತೂ ವೈದ್ಯರನ್ನು ಕೇಳದೆ ಈ ದಾರಿ ಹಿಡಿಯಕೂಡದು. ಖರ್ಚೂ ಹೆಚ್ಚು.

ಮನೆಯೂಟ ಅಗ್ಗ, ವರ್ಷಗಟ್ಟಲೆ ನಡೆಯುತ್ತದೆ. ತೊಡಕೆಲ್ಲ ಅನ್ನದ್ದು: ಜಡಿಮಳೆಯ ದಿನ ಬಿಸಿ ಸಾರು ಮುಂದೆ ಬಂದರೆ ಎರಡನೇ ಸಲ ಬಡಿಸಿಕೊಳ್ಳದವರು ಯಾರು?

ನನ್ನ ಮತ ಹುರುಳಿಗೆ. 100 ಗ್ರಾಂ ಒಣಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಮೇಲೆ ನಾರು. ಕಟ್ಟು ಬಸಿದು ಸಾರು ಮಾಡಿಕೊಂಡು, ಕಾಳನ್ನು ದನಕ್ಕೆ ಹಾಕುವ ಅಭ್ಯಾಸ ಮಾತ್ರ ಬಿಡಬೇಕು. ಬೆಂದ ಕಾಳು ತಟ್ಟೆಯಲ್ಲೇ ಇರಲಿ, ಅನ್ನ ಒಂದು ಸೌಟು ಸಾಕು.