ಮಡಿಕೇರಿಯ ಕೆಫೆಯೊಂದರ ಓಪನ್ ಮೈಕ್: ಸ್ಟೇಜ್ ಚೆನ್ನ, ಸೌಂಡ್ ಸುಮಾರು
ಯಾರು ಬೇಕಾದರೂ ಹತ್ತಬಹುದಾದ ಸ್ಟೇಜ್: ಐದು ನಿಮಿಷದ ಸ್ಲಾಟ್, ನಾಲ್ಕನೇ ನಿಮಿಷಕ್ಕೆ ಕೆಂಪು ಲೈಟ್, ಕೊನೆಗೆ ವಿಡಿಯೊ ಫೈಲ್. ಹೊಸ ಕಾಮಿಡಿಯನ್‌ಗಳು ಇಲ್ಲಿಗೆ ಬರುವುದು ಆ ಫೈಲ್‌ಗಾಗಿಯೇ. ಮೊದಲು ಟಿವಿಯವರು ಕರೆಯಬೇಕಿತ್ತು; ಈಗ ಕ್ಲಿಪ್ ಓಡಿದರೆ ಟಿಕೆಟ್ ಹೋಗುತ್ತದೆ.

ತೊಡಕಿರುವುದೂ ರೆಕಾರ್ಡಿಂಗ್‌ನಲ್ಲೇ. ಕ್ಯಾಮೆರಾ ಒಂದೇ, ಅದೂ ಅಡ್ಡ. ರೀಲ್ಸ್‌ಗೆಂದು ಫೋನಿನಂತೆ ಉದ್ದುದ್ದ 9:16 ಅಳತೆಗೆ ಕತ್ತರಿಸಿದರೆ ಸ್ಟೇಜಿನಲ್ಲಿ ಓಡಾಡುವವರು ಫ್ರೇಮಿನಾಚೆ. 4ಕೆ ಫೈಲ್ ಕೇಳಿ, ಕತ್ತರಿಸಿದರೂ ಮುಖ ಮಸುಕಾಗದು. ಆಡಿಯೊ ಮಿಕ್ಸರ್‌ನಿಂದ ನೇರ ಬರುತ್ತದೆ, ಅಂದರೆ ಸ್ಟೇಜ್ ಮೈಕಿನ ಸದ್ದಷ್ಟೇ; ಹಾಗಾಗಿ ಜನರ ನಗುವೇ ಕೇಳಿಸದೆ ಒಳ್ಳೆಯ ಪಂಚ್ ಕೂಡ ಸಪ್ಪೆ. ಪ್ರೇಕ್ಷಕರ ಕಡೆ ಒಂದು ಫೋನ್ ರೆಕಾರ್ಡಿಗಿಡಿ, ಶುರುವಿನಲ್ಲಿ ಮೈಕ್ ಮುಂದೆ ಚಪ್ಪಾಳೆ ತಟ್ಟಿ. ಎಡಿಟ್‌ನಲ್ಲಿ ಆ ಸದ್ದಿಗೆ ಎರಡೂ ಟ್ರ್ಯಾಕ್ ಹೊಂದಿಸಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ ಇದೂ ಕಷ್ಟ: ಶೀಟ್ ಮಾಡಿನ ಕೆಳಗೆ ಮಳೆಯೇ ಮುಖ್ಯ ಕಲಾವಿದ.

ವಾರಾಂತ್ಯದಲ್ಲಿ ಬೆಂಗಳೂರಿನ ಪ್ರವಾಸಿಗರೇ ಹೆಚ್ಚು. ಹೋಂಸ್ಟೇ ಜೋಕಿಗೆ ನಗುತ್ತಾರೆ, ಕಾಫಿ ಕೊಯ್ಲಿನದಕ್ಕೆ ಮಿಕಮಿಕ. ಊರಿನ ವಿಷಯಕ್ಕೆ ವಾರದ ದಿನವೇ ವಾಸಿ.

ಇಡೀ ಸೆಟ್ ಅಪ್‌ಲೋಡ್ ಮಾಡಬೇಡಿ, ದುಡ್ಡು ಕೊಟ್ಟು ಬಂದವರು ಮೊದಲೇ ಕೇಳಿದ ಜೋಕಿಗೆ ನಗುವುದಿಲ್ಲ. ಪ್ರೇಕ್ಷಕರೊಂದಿಗಿನ ಹರಟೆಯ ತುಣುಕು ಸಾಕು. ಯೂಟ್ಯೂಬ್ ಜಾಹೀರಾತಿನ ದುಡ್ಡಲ್ಲಿ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬೇಕು. ಅಲ್ಲಿಯವರೆಗೆ ಟಿಕೆಟ್ಟೇ ಗತಿ.